ದಕ್ಷಿಣದ ದಾರಿಗೆ ಇಬ್ಬರು

ಸಿದ್ದಾಪುರ, ಗಂಗಾವತಿ–ಕಾರಟಗಿ ರಸ್ತೆಯ ಊರು. ಬೇಸಿಗೆ ಬೆಳೆಯ ಭತ್ತ ಕೊಯ್ದು ಮಾರಿ ಆಗಿದೆ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ಇನ್ನೂ ತಡ. ನಿವೃತ್ತ ಶಿಕ್ಷಕರೊಬ್ಬರ ಪಡಸಾಲೆಯಲ್ಲಿ ಅವರಿಗೂ ಅವರ ಅಣ್ಣನ ಮಗನಿಗೂ ನಡೆದ ಮಾತು ಇದು.

ಕಿರಿಯ: ಕಾಕಾ, ಮೆಕ್ಸಿಕೊದಾಗ ಒಂದು ರಸ್ತೆ ಐತ್ರಿ. ಬಾಹಾ ಕ್ಯಾಲಿಫೋರ್ನಿಯಾ ಅಂತ ಉದ್ದನ ಪರ್ಯಾಯ ದ್ವೀಪ. ಮ್ಯಾಲ ಟಿಹುವಾನಾ, ಕೆಳಗ ಕಾಬೊ ಸಾನ್ ಲೂಕಾಸ್. ನಡುವ 1,700 ಕಿಲೋಮೀಟರ್ ರಸ್ತೆ ದಕ್ಷಿಣಕ್ಕ ಇಳಕೊಂತ ಹೋಗತೈತಿ. ಬೈಕಿನವರು ಇಬ್ಬಿಬ್ಬರು ಜೋಡಿಯಾಗಿ ಹೋಗೋದನ್ನ ವಿಡಿಯೋದಾಗ ನೋಡೀನಿ. ಅದನ್ನ ನೋಡಿದಾಗಿಂದ ಬ್ಯಾರೆ ಏನೂ ತಲಿಯಾಗ ಬರವಲ್ದು.

ಹಿರಿಯ: ಅದು 1973ರಾಗ ಪೂರಾ ಡಾಂಬರ್ ಆದ ರಸ್ತೆ. ಅದಕ್ಕಿಂತ ಮೊದಲ ಕಲ್ಲುಮಣ್ಣಿನ ದಾರಿ ಇತ್ತು. ಅದರಾಗ ನಿನಗ ಏನು ಹಿಡಿಸ್ತು, ಅದನ್ನ ಹೇಳು ತಮ್ಮಾ.

ಕಿರಿಯ: ನೆಲ ಮುಗಿಯೋತನ ಹೋಗೋದು ಹಿಡಿಸ್ತ್ರಿ. ಒಂದೇ ದಿಕ್ಕಿಗೆ ಹೋಗಿ ಹೋಗಿ, ಮುಂದ ಸಮುದ್ರ ಬಂದು, ಇನ್ನ ದಾರಿನ ಇಲ್ಲ ಅನ್ನೋದು. ಮತ್ತ ಆ ಸೀಮಿ ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯ ಒಣಭೂಮಿ ಇದ್ದಂಗ ಕಾಣತೈತಿ. ಕಲ್ಲು, ಕಳ್ಳಿ, ಬಿಸಿಲು.

ಹಿರಿಯ: ಬರೇ ಕಾಣೋದಲ್ಲ, ಸಂಬಂಧನೂ ಐತಿ. ನಮ್ಮ ಹೊಲದ ಬದುವಿನ್ಯಾಗ ಬೇಲಿಗೆ ಹಚ್ಚತೀವಲ್ಲ ಕತ್ತಾಳಿ, ಅದರ ತವರು ಮೆಕ್ಸಿಕೊ. ಕುಷ್ಟಗಿ ರೈತ ಮಳಿ ನೋಡಿ ಬಿತ್ತೋ ಗೋವಿನಜೋಳನೂ ಅಲ್ಲೀದ. ಮೆಣಸಿನಕಾಯಿನೂ ಅಲ್ಲೀದ. ಪೋರ್ಚುಗೀಜರು ಹಡಗಿನ್ಯಾಗ ತಂದು ನಮ್ಮ ಕಡಲ ದಂಡಿಗೆ ಇಳಿಸೋತನ ಈ ನಾಡಿನ ಅಡಿಗ್ಯಾಗ ಖಾರಕ್ಕ ಕಾಳುಮೆಣಸು ಇತ್ತು, ಮೆಣಸಿನಕಾಯಿ ಇರಲಿಲ್ಲ. ಆ ದೇಶದ ಹೆಣ್ಮಕ್ಕಳು ಗೋವಿನಜೋಳನ ಸುಣ್ಣದ ನೀರಾಗ ಕುದಿಸಿ, ತೊಳೆದು, ಅರೆದು, ಕೈಲೆ ತಟ್ಟಿ ರೊಟ್ಟಿ ಮಾಡ್ತಾರ. ನೀ ಅಲ್ಲಿಗೆ ಹೋದ್ರ ಊಟಕ್ಕ ಪರದೇಶಿ ಆಗಂಗಿಲ್ಲ.

ಕಿರಿಯ: ಹಂಗಾರ ಹೋಗು ಅಂತೀರಿ?

ಹಿರಿಯ: ಮುಂದ ಒಂದು ದಿನ ಹೋಗು. ನೆಲ ಮುಗಿಯೋತನ ಹೋಗೋ ದಾರಿ ನಮ್ಮ ಮನಿ ಮುಂದಿಂದನೂ ಐತಿ. ಕನ್ಯಾಕುಮಾರಿ. ಸಾವಿರ ಕಿಲೋಮೀಟರಿಗೆ ಮ್ಯಾಲ ಆಗತೈತಿ.

ಕಿರಿಯ: ಅದಕ್ಕ ನಿಮ್ಮ ಹತ್ರ ಬಂದೀನ್ರಿ. ನೀವು ನಿಮ್ಮ ಗೆಳೆಯ ಕ್ಯಾಂಪಿನ ಕಾಕಾನ ಜೋಡಿ ಹೋಗಿ ಬಂದವ್ರು. ಯಾವ ಗಾಡಿ ತಗೊಳ್ಳಲಿ? ನಾನೂರು ಸಿಸಿದ್ದು ನೋಡೀನಿ. ಕಂತು ಕಟ್ಟಬೌದು.

ಹಿರಿಯ: ನಾವಿಬ್ಬರೂ ಹೋಗಿದ್ದು ನೂರು ಸಿಸಿ ಗಾಡಿ ಮ್ಯಾಲ. ಗದ್ದಿಗೆ ಗೊಬ್ಬರ ಹೇರಿಕೊಂಡು ಹೋಗೋ ಗಾಡಿ. ದೊಡ್ಡ ಗಾಡಿ ಬ್ಯಾಡ ಅನ್ನಂಗಿಲ್ಲ, ಕೈಯಾಗ ರೊಕ್ಕ ಇದ್ರ ತಗೋ. ಆದ್ರ ಸಾಲ ಮಾಡಿ ತಗೊಂಡ್ರ ಹೋಗೋ ದಾರಿತುಂಬ ಕಂತಿನ ಚಿಂತಿ ಹಿಂದ ಕುಂತಿರತೈತಿ. ಅದಿರಲಿ, ಜೋಡಿಗೆ ಬರಾವ ಯಾರು?

ಕಿರಿಯ: ಒಬ್ಬ ಗೆಳೆಯ ಅದಾನ್ರಿ. ಒಮ್ಮೊಮ್ಮೆ ಒಬ್ಬನ ಹೋಗಲೇನು ಅನಸ್ತೈತಿ. ಹುಬ್ಬಳ್ಳಿ ಹೆಣ್ಮಗಳು ಕ್ಯಾಂಡಿಡಾ ಲೂಯಿಸ್ ಬೆಂಗಳೂರಿಂದ ಸಿಡ್ನಿ ತನಕ ಒಬ್ಬಾಕಿನ ಬೈಕ್ ಮ್ಯಾಲ ಹೋದ್ಲಲ್ರಿ.

ಹಿರಿಯ: ಹೋದ್ಲು. ಆಕಿ ಬಗ್ಗೆ ನನಗ ಅಭಿಮಾನ ಐತಿ. ಇಂಗ್ಲೆಂಡಿನ ಟೆಡ್ ಸೈಮನ್‌ನೂ 1973ರಾಗ ಟ್ರಯಂಫ್ ಗಾಡಿ ಹತ್ತಿ ನಾಲ್ಕು ವರ್ಷ ಒಬ್ಬನ ಜಗತ್ತು ಸುತ್ತಿದ, ಭಾರತಕ್ಕೂ ಬಂದಿದ್ದ. ಆದ್ರ ಅವರು ಒಬ್ಬರ ಇದ್ದು ತಮ್ಮನ್ನ ತಾವ ತಡಕೊಳ್ಳೋದನ್ನ ಕಲಿತವ್ರು. ದಣಿವು ಎಲ್ಲಿ ಸುರು ಆತು ಅಂತ ಅವರಿಗೆ ಗೊತ್ತಾಗತೈತಿ. ಮೊದಲನೇ ಸಲ ದೂರ ಹೊಂಟಾವನಿಗೆ ಅದು ಗೊತ್ತಾಗಂಗಿಲ್ಲ. ಅವನಿಗೆ ‘ಸಾಕು, ನಿಲ್ಲಸು’ ಅನ್ನಾಕ ಇನ್ನೊಬ್ಬ ಬೇಕು.

ಕಿರಿಯ: ಗಾಡಿಗಿಂತ ಜೊತೆಗಾರ ದೊಡ್ಡಾವ ಅಂತೀರಿ.

ಹಿರಿಯ: 1952ರಾಗ ಅರ್ಜೆಂಟೀನಾದಿಂದ ಇಬ್ಬರು ಹೊಂಟ್ರು. ಅರ್ನೆಸ್ಟೊ ಗೆವಾರ, ಅಲ್ಬೆರ್ತೊ ಗ್ರನಾದೊ. ಒಬ್ಬ ವೈದ್ಯಕೀಯ ವಿದ್ಯಾರ್ಥಿ, ಇನ್ನೊಬ್ಬ ಜೀವರಸಾಯನ ಶಾಸ್ತ್ರ ಓದಿದಾವ. ಇಬ್ಬರಿಗೂ ಒಂದ ಹಳೇ ನಾರ್ಟನ್ ಗಾಡಿ. ಅದು ಚಿಲಿ ದೇಶದಾಗ ಕೆಟ್ಟು ಕುಂತು ಮತ್ತ ಮ್ಯಾಲೇಳಲಿಲ್ಲ. ಗಾಡಿ ಬಿಟ್ಟು ಲಾರಿ, ದೋಣಿ, ನಡಿಗಿ, ಹೆಂಗಂದ್ರ ಹಂಗ ವೆನಿಜುವೆಲಾ ತನಕ ಹೋದ್ರು. ದಾರ್ಯಾಗ ಗಣಿ ಕೂಲಿಗಳನ್ನ, ಕುಷ್ಠರೋಗಿಗಳನ್ನ ನೋಡಿದ್ದು ಆ ಹುಡುಗನ ಬಾಳೇವು ತಿರುಗಿಸ್ತು. ಜಗತ್ತು ಅವನಿಗೆ ಚೆ ಅಂತ ಕರೀತು. ಗಾಡಿ ಹೋದ ಮ್ಯಾಲೂ ಪ್ರಯಾಣ ಉಳೀತಂದ್ರ ಅದಕ್ಕ ಜೊತೆಗಾರನ ಕಾರಣ.

ಕಿರಿಯ: ಕ್ಯಾಂಪಿನ ಕಾಕಾ ಹೆಂಗಿದ್ರು ದಾರ್ಯಾಗ?

ಹಿರಿಯ: ಅಂವ ಮಾತು ಕಮ್ಮಿ. ಅವರ ಅಪ್ಪ ತುಂಗಭದ್ರಾ ಡ್ಯಾಮ್ ಕಟ್ಟಿದ ಮ್ಯಾಲ ಆಂಧ್ರದಿಂದ ಬಂದು ಇಲ್ಲಿ ಕ್ಯಾಂಪ್ ಹಾಕಿ ಮುಳ್ಳುಕಂಟಿ ಕಡಿದು ಗದ್ದಿ ಮಾಡಿದವ್ರು. ಆ ಮನಿತನದ ರೂಢಿ ಅವನಿಗೂ ಬಂದೈತಿ, ಕೆಲಸ ಕೆಡೋಕಿಂತ ಮೊದಲ ಅದಕ್ಕೊಂದು ತಯಾರಿ. ಹೊರಡೋ ಮುಂದ ನನಗ ನಾಕು ಮಾತು ಹೇಳಿದ. ಇಬ್ಬರಾಗ ಯಾರ ಗಾಡಿ ಹಗೂರ ಓಡತೈತೋ ಅದು ಮುಂದ ಇರಬೇಕು. ದಾರಿ ಎಲ್ಲೆಲ್ಲಿ ಕವಲೊಡಿತೈತೋ ಅಲ್ಲಿ ಮುಂದಿನಾವ ನಿಲ್ಲಬೇಕು, ಹಿಂದಿನ ಗಾಡಿ ಕನ್ನಡಿಯಾಗ ಕಾಣೋತನ ತಿರುಗಬಾರದು. ಯಾರ ಟ್ಯಾಂಕ್ ಸಣ್ಣದೋ ಅವರ ಲೆಕ್ಕದಾಗ ಪೆಟ್ರೋಲ್. ರೊಕ್ಕ ಇಬ್ಬರದೂ ಕೂಡಿ ಒಂದ ಚೀಲದಾಗ. ಇಷ್ಟ.

ಕಿರಿಯ: ಮುಂದ ಹಗೂರ ಗಾಡಿ ಯಾಕ್ರಿ? ಜೋರು ಓಡೋದು ಮುಂದಿದ್ರ ದಾರಿ ಬಿಡಿಸಿಕೊಂತ ಹೋಗತೈತಲ್ಲ.

ಹಿರಿಯ: ಜೋರು ಗಾಡಿ ಮುಂದ ಹೋತಂದ್ರ ಹಿಂದಿನಾವ ಅದನ್ನ ಹಿಡಿಯಾಕ ತನ್ನ ಅಳತಿ ಮೀರಿ ಓಡಸ್ತಾನ. ತಿರುವಿನ್ಯಾಗ ಬಿದ್ದ್ರ ಮುಂದಿನಾವಗ ತಿಳಿಯೋದು ಹತ್ತು ಕಿಲೋಮೀಟರ್ ಆದ ಮ್ಯಾಲ. ಮೆಕ್ಸಿಕೊ ಆಗಲಿ ಮೊಳಕಾಲ್ಮೂರು ಆಗಲಿ, ಇದು ಎಲ್ಲಾ ಕಡೆ ಒಂದ.

ಕಿರಿಯ: ಮೊಳಕಾಲ್ಮೂರು ಹಾದು ಹೋದ್ರೇನು? ಎಲ್ಲರೂ ಹೊಸಪೇಟಿ, ಚಿತ್ರದುರ್ಗ, ಬೆಂಗಳೂರು ಅಂತಾರ.

ಹಿರಿಯ: ನಾವು ಬೆಂಗಳೂರು ಮುಟ್ಟಲಿಲ್ಲ. ಗಂಗಾವತಿ, ಕಂಪ್ಲಿ, ಕುರುಗೋಡು, ಬಳ್ಳಾರಿ. ಕಂಪ್ಲಿ ಸೇತುವಿ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ರ ಮುಳುಗತೈತಿ, ಜೂನ್ ಸುರುವಿಗೆ ಆ ಕಾಟ ಇರಂಗಿಲ್ಲ. ಬಳ್ಳಾರಿಯಾಗ 150ಎ ರಾಷ್ಟ್ರೀಯ ಹೆದ್ದಾರಿ ಸಿಗತೈತಿ. ಜೇವರ್ಗಿಯಿಂದ ಮಸ್ಕಿ, ಸಿಂಧನೂರು ಮ್ಯಾಲ ಬಂದು ಚಳ್ಳಕೆರೆ, ಹಿರಿಯೂರು, ಹುಳಿಯಾರು, ನಾಗಮಂಗಲ, ಮೈಸೂರು ಹಾದು ಚಾಮರಾಜನಗರಕ್ಕ ಮುಟ್ಟೋ ರಸ್ತೆ. ಉತ್ತರದ ಜ್ವಾಳದ ಹೊಲದಿಂದ ದಕ್ಷಿಣದ ರಾಗಿ ಹೊಲದ ತನಕ ನಾಡಿನ ನಡುಮಧ್ಯ ಇಳೀತೈತಿ. ದೊಡ್ಡ ಪಟ್ಟಣದ ಗದ್ದಲ ಕಮ್ಮಿ.

ಆ ರಸ್ತಿ ಪಕ್ಕಕ್ಕ ಮೊಳಕಾಲ್ಮೂರು ತಾಲೂಕಿನಾಗ ಇನ್ನೊಂದು ಸಿದ್ದಾಪುರ ಐತಿ, ಗೊತ್ತೇನು?

ಕಿರಿಯ: ನಮ್ಮ ಊರಿನ ಹೆಸರಿಂದು?

ಹಿರಿಯ: ಹೌದು. ಅಲ್ಲಿ, ಅದರ ಬಾಜೂಕ ಬ್ರಹ್ಮಗಿರಿಯಾಗ, ಜಟಿಂಗ ರಾಮೇಶ್ವರ ಗುಡ್ಡದಾಗ ಅಶೋಕನ ಶಾಸನ ಅದಾವ. ಬಿ. ಎಲ್. ರೈಸ್ 1892ರಾಗ ಪತ್ತೆ ಹಚ್ಚಿದ್ರು. ಆ ಶಾಸನದ ಮೊದಲ ಸಾಲಿನ್ಯಾಗ ಏನೈತಿ ಅಂದ್ರ, ಸುವರ್ಣಗಿರಿಯಿಂದ ರಾಜಪುತ್ರ ಮತ್ತ ಮಹಾಮಾತ್ರರು, ಅಂದ್ರ ದೊಡ್ಡ ಅಧಿಕಾರಿಗಳು, ಇಸಿಲದ, ಅಂದ್ರ ಆ ಸಿದ್ದಾಪುರ ಸೀಮಿಯ, ಮಹಾಮಾತ್ರರಿಗೆ ಕಳಿಸಿದ ಅಪ್ಪಣಿ ಅಂತ. ಆ ಸುವರ್ಣಗಿರಿ ಅಂದ್ರ ನಮ್ಮ ಪಕ್ಕದ ಕನಕಗಿರಿ ಅಂತ ಹೇಳೋ ವಿದ್ವಾಂಸರು ಅದಾರ. ಅದು ಖರೇ ಆದ್ರ, ಎರಡು ಸಾವಿರದ ಇನ್ನೂರು ವರ್ಷದ ಹಿಂದ ನಮ್ಮ ಸೀಮಿಯಿಂದ ಆ ಸಿದ್ದಾಪುರದ ಕಡೆ ಅಂಚಿಯಾಳು ಹೊಂಟಿದ್ದ. ನಾವು ಮೊದಲ ದಿನ ಹೋದ ದಿಕ್ಕು ಅದ.

ಕಿರಿಯ: ನೀವು ಇಳಿದು ನೋಡಿದ್ರೇನು?

ಹಿರಿಯ: ಬ್ರಹ್ಮಗಿರಿಯಾಗ ನೋಡಿದ್ವಿ. ಅಲ್ಲಿ ಕಡೀ ಸಾಲಿನ್ಯಾಗ ಬರೆದಾವನ ಹೆಸರು ಐತಿ, ಚಪಡ. ಶಾಸನ ಪೂರಾ ಬ್ರಾಹ್ಮಿ ಲಿಪಿ. ಆದ್ರ ತಾನು ಲಿಪಿಕಾರ ಅಂತ ಹೇಳೋ ಕಡೀ ಶಬ್ದನ ಖರೋಷ್ಠಿಯಾಗ ಬರೆದಾನ. ಖರೋಷ್ಠಿ ನಮ್ಮ ಕಡೀದಲ್ಲ, ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕ ಬರೆಯೋದು. ಅಷ್ಟು ದೂರದ ಅಕ್ಷರ ಕಲಿತ ಒಬ್ಬ ಮನಷ್ಯಾ ಈ ಬಂಡಿ ಮುಂದ ಕುಂತು ಉಳಿ ಹಿಡಿಸಿದ್ದ. ಎಷ್ಟು ತಿಂಗಳ ದಾರಿ ಅದು, ಯಾರ ಜೋಡಿ ನಡದಿದ್ನೋ! ಕ್ಯಾಂಪಿನಾವ ಆ ಕಲ್ಲಿನ ಮುಂದ ಬಾಳ ಹೊತ್ತು ಕುಂತ. ದಕ್ಷಿಣಕ್ಕ ಬಂದು ಬೇರೂರಿದ ಮನಿಯಾವ ಅಲ್ಲೇನು ಅಂವನೂ.

ಕಿರಿಯ: ಇದನ್ನ ಯಾರೂ ಹೇಳಿದ್ದಿಲ್ಲ ನನಗ. ಮುಂದ?

ಹಿರಿಯ: ಹಿರಿಯೂರು, ಹುಳಿಯಾರು ಹಗೂರ ದಾಟಿದ್ವಿ. ಮೈಸೂರಿನ್ಯಾಗ ಒಂದು ರಾತ್ರಿ. ಯಾದವಗಿರಿ ಕಡೆ ಹಾದು ಹೋಗುವಾಗ ಅಂವ ಗಾಡಿ ನಿಲ್ಲಸಿದ. ಜಾವಾ, ಯೆಜ್ಡಿ ಗಾಡಿ ತಯಾರಾಗ್ತಿದ್ದ ಐಡಿಯಲ್ ಜಾವಾ ಕಾರ್ಖಾನಿ ಇದ್ದ ಜಾಗ. 1960ರ ಸುಮಾರಿಗೆ ಸುರು ಆಗಿ 1996ರಾಗ ಮುಚ್ಚಿತು. ನಮ್ಮ ಹರೇದಾಗ ಕನ್ನಡ ನಾಡಿನಾಗ ಮಾಡಿದ ಗಾಡಿ ಅಂತ ಅದರ ಮ್ಯಾಲ ಬಾಳ ಪ್ರೀತಿ ಇತ್ತು.

ಚಾಮರಾಜನಗರ ಬಿಟ್ಟ ಮ್ಯಾಲ ತಮಿಳುನಾಡಿನ ಗಡಿ. ಗಡಿ ದಾಟಿದ್ರೂ ಕನ್ನಡ ಮುಗಿಯಂಗಿಲ್ಲ. ತಾಳವಾಡಿ ಸೀಮಿ ಈರೋಡ್ ಜಿಲ್ಲೆದಾಗ ಇದ್ರೂ ಮನಿಮಾತು ಕನ್ನಡ. ರಾಜಕುಮಾರ್ ಅವರ ಗಾಜನೂರು ಅಲ್ಲೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನ ಅಪಹರಿಸಿದ್ದು ಆ ಊರಿನ ಮನಿಯಿಂದ. 108 ದಿನ ನಾಡು ಉಸಿರು ಹಿಡಕೊಂಡು ಕುಂತಿತ್ತು. ಹಾಸನೂರಿನ ಚಹದಂಗಡಿಯಾಗ ಆ ಮಾತು ತಗದ್ರ, ಅಂಗಡಿ ಮುದುಕ ಆ ದಿನಗಳ ಮಳಿ, ಪೊಲೀಸ್ ಗಾಡಿ ಎಲ್ಲಾ ನೆನಪು ಮಾಡಿಕೊಂಡ. ಅವನ ಕನ್ನಡ ನಮಗ ತಿಳೀತು, ನಮ್ಮದು ಅವನಿಗೆ ತಿಳೀತು.

ಅಲ್ಲೇ ನನ್ನ ಗಾಡಿ ಕೈಕೊಟ್ಟಿದ್ದು. ಚಹ ಕುಡಿದು ಹೊರಡಾಕ ಕ್ಲಚ್ ಹಿಡಿದ್ರ ಲಿವರ್ ಸಡಿಲಾಗಿ ಹ್ಯಾಂಡಲಿಗೆ ಬಂದು ತಾಕ್ತು. ವೈರ್ ಕಟ್ಟಾಗಿತ್ತು.

ಕಿರಿಯ: ಅಲ್ಲಿ ಮೆಕ್ಯಾನಿಕ್ ಸಿಕ್ರೇನು?

ಹಿರಿಯ: ಬೇಕಾಗಲಿಲ್ಲ. ಊರು ಬಿಡೋಕಿಂತ ಮೊದಲ ಅಂವ ಎರಡೂ ಗಾಡಿಗೆ ಒಂದು ಕೆಲಸ ಮಾಡಿದ್ದ. ಹಳೇ ಕ್ಲಚ್ ವೈರಿನ ಪಕ್ಕಕ್ಕ ಹೊಸಾ ವೈರೊಂದನ್ನ ಟ್ಯಾಂಕಿನ ಕೆಳಗ ಹಾಸಿ ಎಳೆದು, ಹಳೇ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಅಲ್ಲಲ್ಲಿ ಕಟ್ಟಿಟ್ಟಿದ್ದ. ಎರಡೂ ತುದಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿದ್ದ. ಹಾಸನೂರಿನ್ಯಾಗ ಅಂವ ಮಾಡಿದ್ದು ಇಷ್ಟ: ಪ್ಲಾಸ್ಟಿಕ್ ಬಿಚ್ಚಿ, ಗುಂಡಿ ಇರೋ ತುದಿನ ಲಿವರಿನ ಗೂಡಿಗೆ ಕೂಡಿಸಿ, ಇನ್ನೊಂದು ತುದಿ ಎಂಜಿನ್ ಹತ್ರದ ಕೊಕ್ಕಿಗೆ ಸಿಗಸಿ, ನಟ್ ತಿರುವಿ ಲಿವರಿಗೆ ಅರ್ಧ ಇಂಚು ಪ್ಲೇ ಬಿಟ್ಟ. ಚಹದ ಲೋಟ ಇನ್ನೂ ಬಿಸಿ ಇತ್ತು. ಮುಂದ ಸತ್ಯಮಂಗಲ ಹುಲಿ ಕಾಡು. ಕಬ್ಬಿನ ಲಾರಿ ಬಂದ್ರ ಆನಿ ರಸ್ತಿಗೆ ಬಂದು ಕಬ್ಬು ಎಳಕೊಂಡು ತಿನ್ನೋ ಸೀಮಿ. ಅಂಥ ಕಡೆ ವೈರ್ ಕಟ್ಟಾಗಿ ನಿಂತಿದ್ರ ಏನು ಮಾಡಬೇಕಿತ್ತು?

ಕಿರಿಯ: ಆಮ್ಯಾಲ ದಿಂಬಂ ಘಾಟಾ?

ಹಿರಿಯ: 27 ಹೇರ್‌ಪಿನ್ ತಿರುವು. ಇಳಿಯೋದು ಹತ್ತೋಕಿಂತ ಕಠಿಣ. ಎರಡನೇ ಗೇರಿನ್ಯಾಗ ಹಾಕಿ, ಎಂಜಿನ್ನಿಂದನ ಗಾಡಿ ಹಿಡಿಬೇಕು. ಬರೇ ಬ್ರೇಕ್ ತುಳಕೊಂತ ಇಳಿದ್ರ ಡ್ರಮ್ ಕಾದು, ಬ್ರೇಕ್ ಶೂ ಸುಟ್ಟ ವಾಸನಿ ಬಂದು, ಆಮ್ಯಾಲ ಎಷ್ಟು ತುಳಿದ್ರೂ ಹಿಡಿಯಂಗಿಲ್ಲ. ಲಾರಿ ತಿರುಗೋದಕ್ಕ ಪೂರಾ ರಸ್ತಿ ಬೇಕು, ಅದಕ್ಕ ಜಾಗ ಬಿಟ್ಟು ನಿಲ್ಲಬೇಕು. ಕೆಳಗ ಬಣ್ಣಾರಿ ಅಮ್ಮನ ಗುಡಿ. ಅಲ್ಲಿಂದ ಸತ್ಯಮಂಗಲ, ಗೋಬಿ ಕಡೆ ಭವಾನಿ ನೀರಿನ ಗದ್ದಿ. ಭವಾನಿಸಾಗರ 1955ರಾಗ ಆಗಿದ್ದು, ನಮ್ಮ ತುಂಗಭದ್ರಾ 1953. ಎರಡೂ ಒಂದ ಕಾಲದ ಡ್ಯಾಮು. ಕ್ಯಾಂಪಿನಾವ ಗದ್ದಿ ಕಂಡಲ್ಲೆಲ್ಲಾ ಗಾಡಿ ನಿಲ್ಲಸಿ ಸಸಿಮಡಿ ನೋಡಿದ, ನೀರು ಹೆಂಗ ತಿರುವ್ಯಾರ ಅಂತ ಕೇಳಿದ. ಅವನಿಗೆ ತೆಲುಗು, ಅರೆಬರೆ ತಮಿಳು ಬರತಿತ್ತು. ರೈತ ರೈತನ ಜೋಡಿ ಮಾತಾಡಾಕ ಅಷ್ಟು ಸಾಕಾತು.

ಕಿರಿಯ: ಜಗಳ ಆಗಲೇ ಇಲ್ಲೇನ್ರಿ ಇಬ್ಬರಿಗೂ?

ಹಿರಿಯ: ದಿಂಡಿಗಲ್ಲಿನ್ಯಾಗ ಆತು. ಹೊತ್ತು ಮುಳುಗಿತ್ತು. ಕರೂರಿನಿಂದ 44ನೇ ಹೆದ್ದಾರಿ ಹಿಡದಿದ್ವಿ. ಶ್ರೀನಗರದಿಂದ ಕನ್ಯಾಕುಮಾರಿ ತನಕ ಹೋಗೋದು, ದೇಶದಾಗ ಎಲ್ಲಾದಕ್ಕಿಂತ ಉದ್ದನ ಹೆದ್ದಾರಿ. ನಾಲ್ಕು ಪಥ, ಮಧುರೈ ಇನ್ನ ಅರವತ್ತು ಚಿಲ್ಲರೆ ಕಿಲೋಮೀಟರ್. ಹೋಗೇಬಿಡೋಣ ಅಂದೆ. ಅಂವ ಗಾಡಿ ಬಂದ್ ಮಾಡಿ, ಇಳಿದು, ಕೀಲಿ ಕಿಸೆದಾಗ ಹಾಕ್ಕೊಂಡ. ವಾದಿಲ್ಲ, ವಿವರಣಿ ಇಲ್ಲ. ನನಗ ಬಾಳ ಸಿಟ್ಟು ಬಂತು. ಊಟದ ಹೊತ್ತಿಗೂ ನಾನು ಮಾತಾಡಲಿಲ್ಲ, ಅವನೂ ಆಡಸಲಿಲ್ಲ. ನಸುಕಿನ್ಯಾಗ ಅಂವನ ಎಬ್ಬಿಸಿ ಚಹ ಕೊಟ್ಟ. ಮಧುರೈ ಊರೊಳಗ ಜನ ಅಂಗಡಿ ತಗಿಯೋ ಹೊತ್ತಿಗೆ ಮುಟ್ಟಿದ್ವಿ.

ಕಿರಿಯ: ಅದು ಒಂದು ವಿಚಿತ್ರ ನೋಡ್ರಿ. ಬಾಹಾಕ್ಕ ಹೋಗೋವ್ರೂ ಅದನ್ನ ಹೇಳ್ತಾರ. ರಾತ್ರಿ ಓಡಸಬ್ಯಾಡ್ರಿ, ರಸ್ತಿ ಮ್ಯಾಲ ದನ ಇರತಾವ, ಬೇಲಿ ಇಲ್ಲ, ದೀಪ ಇಲ್ಲ ಅಂತ. ಊರು ಬಂದ್ರ ‘ತೋಪೆ’ ಅಂತ ಬೋರ್ಡ್ ಇರತೈತಿ, ಉಬ್ಬು. ಬೋರ್ಡ್ ಇಲ್ಲದ ಉಬ್ಬೂ ಇರತಾವ.

ಹಿರಿಯ: ಇದ್ರಾಗ ವಿಚಿತ್ರ ಏನೈತಿ? ಯಲಬುರ್ಗಾ ರಸ್ತ್ಯಾಗ ರಾತ್ರಿ ಹೋಗಿ ನೋಡು. ಕುರಿ ಹಿಂಡು, ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ರಸ್ತಿ ಮ್ಯಾಲ ಒಣಗಾಕ ಹಾಕಿದ ಜ್ವಾಳ. ನಮ್ಮ ಊರ ಮುಂದ ಸುಗ್ಗಿಯಾಗ ಭತ್ತದ ರಾಶಿ ಅರ್ಧ ಡಾಂಬರ್ ನುಂಗಿರತೈತಿ. 2022ರಾಗ ದೇಶದಾಗ ರಸ್ತೆ ಅಪಘಾತಕ್ಕ ಸತ್ತವ್ರು 1,68,491 ಮಂದಿ. ಅದರಾಗ ನೂರಕ್ಕ ನಲವತ್ನಾಲ್ಕಕ್ಕಿಂತ ಹೆಚ್ಚು ಮಂದಿ ಎರಡು ಗಾಲಿ ಗಾಡಿ ಮ್ಯಾಲ ಇದ್ದವ್ರು. ಸಾಲಿಯಾಗ ನಾನು ಕಲಿಸಿದ ಹುಡುಗರ ಹೆಸರೂ ಅಂಥ ಪಟ್ಟಿಯಾಗ ಸೇರ್ಯಾವ. ಅದಕ್ಕ ನಾನು ಈ ಮಾತನ್ನ ಸುಮ್ಮನ ಬುದ್ಧಿವಾದ ಅಂತ ಹೇಳವಲ್ಲೆ. ಬಂಡೀಪುರದ ರಸ್ತ್ಯಾಗ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ತನಕ ಸಂಚಾರ ಬಂದ್ ಮಾಡ್ಯಾರ, ಪ್ರಾಣಿ ಸಾಯಬಾರದು ಅಂತ. ಮನಷ್ಯಾನ ಜೀವಕ್ಕ ಅಂಥ ಗೇಟು ಯಾರೂ ಹಾಕಂಗಿಲ್ಲ. ನಮಗ ನಾವ ಹಾಕ್ಕೋಬೇಕು.

ಕಿರಿಯ: ಮೆಕ್ಸಿಕೊದಾಗ ಸರಕಾರದ ಹಸಿರು ಟ್ರಕ್ ಅದಾವಂತ. ‘ಹಸಿರು ದೇವದೂತರು’ ಅಂತ ಹೆಸರು. ಹೆದ್ದಾರಿಯಾಗ ತಿರುಗಾಡಿಕೊಂತ ಕೆಟ್ಟ ಗಾಡಿ ರಿಪೇರಿ ಮಾಡಿ ಕೊಡ್ತಾರ, ಕೂಲಿ ತಗೊಳ್ಳಂಗಿಲ್ಲ.

ಹಿರಿಯ: 1960ರಿಂದ ನಡೆಸಿಕೊಂಡು ಬಂದಾರ, ಒಳ್ಳೆ ಕೆಲಸ. ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿಗೆ 1033 ಐತಿ, ಆಂಬುಲೆನ್ಸಿಗೆ 108. ಎರಡೂ ನಂಬರ್ ಚೀಟಿಯಾಗ ಬರೆದು ಹೆಲ್ಮೆಟ್ಟಿನ ಒಳಗ ಹಚ್ಚು, ಮನಿ ನಂಬರೂ ಬರಿ. ಫೋನ್ ಒಡೆದ್ರ ಅದರಾಗಿನ ನಂಬರ್ ಯಾರಿಗೂ ಸಿಗಂಗಿಲ್ಲ.

ಕಿರಿಯ: ಕಡೀ ದಿನ ಹೆಂಗಿತ್ರಿ? ನೆಲ ಮುಗಿಯೋ ದಿನ.

ಹಿರಿಯ: ತಿರುನೆಲ್ವೇಲಿ ದಾಟಿ ಆರಲ್ವಾಯ್ಮೊಳಿ ಕಣಿವಿ ಬರತೈತಿ. ಮುಪ್ಪಂದಲ್ ಅಂತಾರ. ಗಾಳಿ ಗಿರಣಿ ಕಣ್ಣು ಹಾಯೋತನ. ಮುಂಗಾರಿನ ಗಾಳಿ ಪಶ್ಚಿಮ ಘಟ್ಟದ ಆ ಸಂದಿಯಿಂದ ನುಗ್ಗಿ ಬರತೈತಿ, ಅದಕ್ಕ ಗಿರಣಿ ಅಲ್ಲಿ ಹಾಕ್ಯಾರ. ನೂರು ಸಿಸಿ ಗಾಡಿ ಹಗೂರ, ಗಾಳಿ ಅದನ್ನ ಪಕ್ಕಕ್ಕ ದೂಡತೈತಿ. ಗಾಡಿನ ಗಾಳಿ ಕಡೆ ಚೂರು ವಾಲಿಸಿ ಹಿಡಿಬೇಕು. ಲಾರಿ ಬಾಜೂಕ ಬಂದ್ರ ಗಾಳಿ ತಟ್ಟನ ನಿಲ್ಲತೈತಿ, ಲಾರಿ ದಾಟಿದ ಕೂಡಲೆ ಮತ್ತ ಹೊಡಿತೈತಿ, ಆ ಗಳಿಗಿ ಅಪಾಯದ್ದು. ಅಂವ ಹಿಂದಿನಿಂದ ಹಾರ್ನ್ ಹೊಡೆದು ನನಗ ನಲವತ್ತಕ್ಕ ಇಳಿಸಿದ. ಹಂಗ ಮೆಲ್ಲಕ ಹೋಗಿ ನಾಗರಕೋಯಿಲ್ ದಾಟಿ ಕನ್ಯಾಕುಮಾರಿ ಸೇರಿದ್ವಿ.

ಕಿರಿಯ: ವಿವೇಕಾನಂದರ ಬಂಡಿ?

ಹಿರಿಯ: 1892ರ ಡಿಸೆಂಬರಿನ್ಯಾಗ ಅವರು ಧ್ಯಾನಕ್ಕ ಕುಂತ ಬಂಡಿ, 1970ರಾಗ ಸ್ಮಾರಕ ಆತು. ಪಕ್ಕಕ್ಕ 133 ಅಡಿ ತಿರುವಳ್ಳುವರ್ ಮೂರ್ತಿ. ಅವು ನಿನಗ ಗೊತ್ತಿದ್ದವ. ಇನ್ನೊಂದು ಹೇಳ್ತೀನಿ. ಕನ್ಯಾಕುಮಾರಿ ತಿರುವಾಂಕೂರು–ಕೊಚ್ಚಿ ರಾಜ್ಯದಾಗ ಇತ್ತು. ಮದ್ರಾಸ್ ರಾಜ್ಯಕ್ಕ ಸೇರಿದ್ದು 1956ರ ನವೆಂಬರ್ 1ಕ್ಕ. ನಮ್ಮ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಬಂದಿದ್ದೂ ಅದ ದಿನ. ನಾವು ಹೊಂಟ ಊರು, ಮುಟ್ಟಿದ ಊರು ಎರಡೂ ಒಂದ ನಸುಕಿನ್ಯಾಗ ತಮ್ಮ ಭಾಷೆಯವರ ಮನಿ ಸೇರಿದ್ದು. ಅದನ್ನ ಸಮುದ್ರದ ದಂಡಿಗೆ ನಿಂತು ಅವನಿಗೆ ಹೇಳಿದೆ. ‘ಹಂಗಾರ ನಮ್ಮ ಊರಿನವ್ರ ಇವ್ರು’ ಅಂದ.

ಕಿರಿಯ: ಕಾಕಾ, ನನ್ನ ಗೆಳೆಯ ಒಳ್ಳೇವ. ಆದ್ರ ಎಂಬತ್ತರ ಕೆಳಗ ಓಡಸಂಗಿಲ್ಲ. ಅವನ ಜೋಡಿ ಹೋಗಲೋ ಬ್ಯಾಡೋ, ನೀವ ಹೇಳ್ರಿ.

ಹಿರಿಯ: ನಾ ಹೇಳಂಗಿಲ್ಲ, ರಸ್ತಿ ಹೇಳತೈತಿ. ಬರೋ ಆಯಿತಾರ ಇಬ್ಬರೂ ನಸುಕಿಗೆ ಹೊರಡ್ರಿ. ಕನಕಗಿರಿ, ತಾವರಗೇರಿ, ಕುಷ್ಟಗಿ, ಅಲ್ಲಿಂದ ಯಲಬುರ್ಗಾ, ಕೊಪ್ಪಳ, ಗಂಗಾವತಿ, ವಾಪಸ್ ಮನಿ. ಹೊತ್ತು ಮುಳುಗೋಕಿಂತ ಮೊದಲ ಮುಟ್ಟಬೇಕು. ನೀ ಮುಂದ ಇರು, ಐವತ್ತರಾಗ ಓಡಸು. ಅಂವ ಹಿಂದ ಇರತಾನೋ ದಾಟಿ ಹೋಗತಾನೋ ನೋಡು. ಆಮ್ಯಾಲ ಅವನ್ನ ಮುಂದ ಬಿಡು, ತಾವರಗೇರಿ ಕ್ರಾಸಿನ್ಯಾಗ ನಿನಗ ಕಾಯ್ತಾನೋ ಇಲ್ಲೋ ನೋಡು. ಕುಷ್ಟಗಿಯಾಗ ನಿನಗ ದಣಿವಾತು ಅನ್ನು, ಅವನ ಮಾರಿ ನೋಡು. ಹೆಲ್ಮೆಟ್ ಇಬ್ಬರದೂ ಐಎಸ್‌ಐ ಇರಲಿ, ಪಟ್ಟಿ ಗದ್ದದ ಕೆಳಗ ಬಿಗಿ ಇರಲಿ. ಅಂವ ಕಾಯ್ದ ಅಂದ್ರ ಕನ್ಯಾಕುಮಾರಿಗೆ ಹೋಗ್ರಿ, ವೈರ್ ಕಟ್ಟಿಕೊಡಾಕ ಕ್ಯಾಂಪಿನ ಕಾಕಾಗ ನಾನ ಹೇಳ್ತೀನಿ. ಕಾಯಲಿಲ್ಲ ಅಂದ್ರ ಗೆಳೆತನ ಇಟಗೋ, ಚಹಕ್ಕ ಕರಿ, ಆದ್ರ ಅವನ ಜೋಡಿ ದೂರದ ದಾರಿಗೆ ಹೋಗಬ್ಯಾಡ. ಬ್ಯಾರೆ ಜೊತೆಗಾರನ್ನ ಹುಡುಕು.